ಅವನ ಹೆಸರಿನಲ್ಲಿ ಊದಿದ್ದು

ಪುಂಡಲೀಕ ಈಗ ಮಲಗುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲಿಗೆ ತಲೆಯಾನಿಸಿ ಕೂತೇ ನಿದ್ದೆ ಮಾಡುತ್ತಾನೆ. ಕೆಮ್ಮಿದರೆ ಕಫ ಕರ್ರಗೆ ಬರುತ್ತದೆ. ದಾಂಡೇಲಿಯ ಕಾರ್ಖಾನೆಯೊಂದರ ಬಾಯ್ಲರಿಗೆ ಅವನು ಹದಿನಾರು ವರ್ಷ ಗುತ್ತಿಗೆಯ ಮೇಲೆ ಕಲ್ಲಿದ್ದಲು ಒಡೆದು ಹೊತ್ತವನು. ನಾನು ಅಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ.

ಹುಬ್ಬಳ್ಳಿಯ ಡಾಕ್ಟರು ಇದು ಕಲ್ಲಿದ್ದಲು ಧೂಳಿನ ರೋಗ ಎಂದು ಬರೆದುಕೊಟ್ಟರು. ಔಷಧಕ್ಕೆ, ಆಕ್ಸಿಜನ್ ಸಿಲಿಂಡರಿಗೆ ಅವನ ಹೆಂಡತಿ ಗೋದುಬಾಯಿಯ ಎರಡೂ ಎಮ್ಮೆ ಹೋದವು. ಕೆಲಸದಿಂದ ಬಂದ ರೋಗಕ್ಕೆ ಖರ್ಚು ಕೊಡಬೇಕಾದವನು ಗುತ್ತಿಗೆದಾರ. ಡಾಕ್ಟರ ಚೀಟಿ ಹಿಡಿದು ಗೋದುಬಾಯಿಯೂ ನಾನೂ ಅವನ ಆಫೀಸಿಗೆ ಹೋದೆವು.

ಗುತ್ತಿಗೆದಾರನ ಪರವಾಗಿ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ಬಸಲಿಂಗಯ್ಯ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ.

"ನೋಡವ್ವಾ, ಹೋದ ವರ್ಷದ ಎದಿ ತಪಾಸಣಿ. ಮಷೀನಿನ್ಯಾಗ ಊದ್ಯಾನ. ಎದಿ ಕುದರಿ ಹಂಗ ಐತಿ. ಆಮ್ಯಾಲ ಬೀಡಿ ಸೇದಿ ಕೆಡಿಸ್ಕೊಂಡಾನ."

"ಅವರು ಬೀಡಿ ಮುಟ್ಟಿದವರಲ್ರೀ."

"ಹಂಗಾರ ಹೊಳಿ ದಂಡಿ ಮ್ಯಾಲಿನ ಮೌಳಂಗಿಗೆ ಕರ್ಕೊಂಡು ಹೋಗು. ಹೊಳಿ ಗಾಳಿ ಪುಕ್ಕಟ ಸಿಗತೈತಿ."

ನಾನು ನೆಲ ನೋಡಿದೆ. ಆ ಹಾಳೆಯಲ್ಲಿದ್ದ ಉಸಿರು ನನ್ನದು.

ತಪಾಸಣೆಯ ದಿನ ಊದಲಾಗದವನ ಗೇಟ್ ಪಾಸ್ ಕಿತ್ತುಕೊಳ್ಳುತ್ತಾರೆ. ಅದಕ್ಕೇ ಎದೆ ಗಟ್ಟಿ ಇದ್ದವರು ಉಳಿದವರ ಹೆಸರಿನಲ್ಲಿ ಊದುವುದು ನಮ್ಮಲ್ಲಿ ರೂಢಿ. ಮಸಿ ಮೆತ್ತಿದ ಮುಖಗಳಲ್ಲಿ ಯಾರು ಯಾರೋ. "ಕುಬೇರಾ, ನಂದೂ ಒಮ್ಮಿ ಊದಿಬಿಡೋ" ಅಂದಿದ್ದ ಪುಂಡಲೀಕ. ಊದಿದೆ. ನನ್ನನ್ನು ಮತ್ತೆ ಸಾಲಿಗೆ ನಿಲ್ಲಿಸಿದವನು ಇದೇ ಬಸಲಿಂಗಯ್ಯ. ಆ ಸಂಜೆ ಪುಂಡಲೀಕ ಕೊಡಿಸಿದ ಮಿರ್ಚಿ ಭಜಿಯನ್ನು ನಗುತ್ತ ತಿಂದಿದ್ದೆ.

"ಅದು ನಾ ಊದಿದ್ದು," ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. "ನೀವ ನಿಲ್ಲಿಸಿದ್ರಿ. ಗೊತ್ತಿದ್ದು ನಿಲ್ಲಿಸಿದ್ರಿ."

ಬಸಲಿಂಗಯ್ಯ ನಕ್ಕ. "ಹೌದಾ? ಬರದ ಕೊಡು. ಪಾಸು ಇಲ್ಲೇ ಇಟ್ಟು ಹೋಗು. ನಾಳಿಂದ ನಿನ್ನ ಮಕ್ಕಳು ಏನ ತಿಂತಾವ, ಅದನ್ನೂ ಬರಿ."

ನಾನು ಕಿಸೆಯಲ್ಲಿದ್ದ ಪಾಸನ್ನು ಒತ್ತಿ ಹಿಡಿದೆ.

ಗೋದುಬಾಯಿ ನನ್ನತ್ತ ತಿರುಗಿದಳು. ಆಕೆಗೆ ಇದೊಂದೂ ಗೊತ್ತಿರಲಿಲ್ಲ. ಗಂಡ ಹೇಳಿರಲಿಲ್ಲ, ಅವಳ ಮನೆಯಲ್ಲಿ ಉಂಡ ನಾನೂ ಹೇಳಿರಲಿಲ್ಲ.

"ಅಕ್ಕಾ, ತಪ್ಪಾತು," ಎಂದು ಕೈ ಮುಗಿದೆ.

ಆಕೆ ಮೇಜಿನ ಮೇಲಿದ್ದ ಬಸಲಿಂಗಯ್ಯನ ಪೆನ್ನು ಎತ್ತಿ ನನ್ನ ಮುಂದೆ ಹಿಡಿದಳು.

"ಲೇಬರ್ ಆಫೀಸಿಗೆ ಅಂತ ಬರಿ. ಮೊದಲ ನಿನ್ನ ಹೆಸರು, ಆಮ್ಯಾಲ ಈ ಮುಕಾದಮನ ಹೆಸರು. ಬರದು ಮುಗಿಸಿದ ಮ್ಯಾಲ ನನ್ನ ಮಾರಿ ನೋಡು."