ಮೆತ್ತಗೆ ಇಳಿಯುವ ವಿದ್ಯೆ

ಜಾಬಿರನಿಗೆ ಬೀಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಹಾರಲಿಕ್ಕೇ ಬರದವರನ್ನು ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಅವರು ನೆಲದ ಪ್ರಾಣಿಗಳು, ಅವರ ಪಾಡಿಗೆ ಅವರಿರಲಿ ಎಂದು. ಆದರೆ ಗಾಳಿಯ ಪುಣ್ಯದಿಂದ ಮೇಲಕ್ಕೆ ಹೋಗಿ, ಅಲ್ಲಿಂದ ಅಕ್ಕಿಮೂಟೆಯಂತೆ ದೊಪ್ಪೆಂದು ಬೀಳುವವರಿದ್ದಾರಲ್ಲ, ಅವರನ್ನು ಕಂಡರೆ ಮೈಯೆಲ್ಲ ಉರಿದುಹೋಗುತ್ತಿತ್ತು.

ದುಬೈಯ ಕಡಲ ದಂಡೆಯಲ್ಲಿ ಬಿಳಿಯರ ಕೈಟುಗಳಿಗೆ ಗಾಳಿ ತುಂಬಿಕೊಡುವ ಕೆಲಸಕ್ಕೆ ಸೇರಿ, ನೋಡುತ್ತ ನೋಡುತ್ತ ಕಲಿತು, ಕಡೆಗೆ ಆ ಬಿಳಿಯರಿಗೇ ಕಲಿಸುವಷ್ಟು ಬೆಳೆದವನು ಜಾಬಿರ್. ಕೋಣೆಯಷ್ಟು ದೊಡ್ಡ ಗಾಳಿಪಟ, ಅದರಿಂದ ಇಳಿದ ನಾಲ್ಕು ತೆಳ್ಳನೆಯ ದಾರ, ಆ ದಾರಗಳ ತುದಿಗೆ ಕೈಯಲ್ಲಿ ಹಿಡಿಯುವ ಬಾರ್, ಕಾಲಡಿ ನೀರಿನ ಮೇಲೆ ಜಾರುವ ಒಂದು ಹಲಗೆ. ಇಷ್ಟನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡರೆ ಅವನಿಗೆ ಭೂಮಿಯ ಮೇಲಿರುವ ಯಾರ ಹಂಗೂ ಇರುತ್ತಿರಲಿಲ್ಲ. 2009ರಲ್ಲಿ ದುಬೈಯ ಕೆಲಸಗಳೆಲ್ಲ ಕುಸಿದು ಊರಿಗೆ ಬಂದವನು, ಹುಟ್ಟಿದ ಬೆಳ್ಮಣ್ಣಿನಲ್ಲಿ ಕಡಲಿಲ್ಲವಲ್ಲ ಎಂದು ಕಾಪುವಿಗೆ ಬಂದು ಕೂತ. ಅಲ್ಲಿಯ ರೆಸಾರ್ಟೊಂದರ ಧಣಿ ದಂಡೆಯ ಮೇಲೆ ತಗಡಿನ ಶೆಡ್ ಕೊಟ್ಟಿದ್ದರು. ಮಳೆಗಾಲದೊಳಗೆ ಕಲಿಯುವವರು ಬಂದರೆ ಅದು ಜಾಬಿರನ ಶಾಲೆ, ಬಾರದಿದ್ದರೆ ಐಸ್‌ಕ್ರೀಮ್ ಅಂಗಡಿ ಎಂದು ಮೊದಲೇ ಹೇಳಿದ್ದರು. ಐಸ್‌ಕ್ರೀಮಿಗೆ ಸೋಲುವುದೆಂದರೆ ಜಾಬಿರನಿಗೆ ಪ್ರಾಣ ಹೋದಂತೆ. ಮತ್ತೆ ಯಾರದೋ ಕೈಟಿಗೆ ಗಾಳಿ ತುಂಬುವವನಾಗಲು ಅವನು ತಯಾರಿರಲಿಲ್ಲ.

ಏಪ್ರಿಲ್ ಬಂದರೂ ಸಿಕ್ಕಿದ ಶಿಷ್ಯ ಒಬ್ಬರೇ, ಕಾರ್ಕಳದ ಗುಣಪಾಲ ಮೇಸ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದು ಆಗಷ್ಟೇ ನಿವೃತ್ತರಾದವರು. ಮೊಣಕಾಲಿಗೆ ಪಟ್ಟಿ, ತಲೆಗೆ ಮಂಗನ ಟೋಪಿ, ಕುತ್ತಿಗೆಯಲ್ಲಿ ಹಳೆಯ ಸೀಟಿ. ತನಗಿಂತ ಎಷ್ಟೋ ಚಿಕ್ಕವನಾದ ಜಾಬಿರನನ್ನು ಅವರು ಬಾಯ್ತುಂಬ ‘ಗುರುಗಳೇ’ ಎನ್ನುತ್ತಿದ್ದರು. ಇದು ಗೇಲಿಯೋ ಗೌರವವೋ ಎಂದು ತಿಳಿಯದೆ ಜಾಬಿರನಿಗೆ ಎರಡಕ್ಕೂ ಸಿಟ್ಟು ಬರುತ್ತಿತ್ತು.

ಮೇಸ್ಟ್ರು ಚೆನ್ನಾಗಿಯೇ ಹಾರುತ್ತಿದ್ದರು. ತೊಂದರೆ ಇದ್ದುದು ಇಳಿಯುವುದರಲ್ಲಿ. ಜೀವಮಾನವಿಡೀ ಮಕ್ಕಳಿಗೆ ಮರಳಿನ ಗುಂಡಿಯಲ್ಲಿ ಉದ್ದಜಿಗಿತ ಕಲಿಸಿದ ಮೈ ಅದು. ಗಾಳಿಯಲ್ಲಿದ್ದಾಗ ಆ ಮೈಗೆ ನೆನಪಾಗುತ್ತಿದ್ದುದು ಒಂದೇ: ಎರಡೂ ಕಾಲು ಜೋಡಿಸು, ಎರಡೂ ಕೈ ಮುಂದೆ ಎಸೆ, ಮುಟ್ಟಿದ ಕೂಡಲೇ ನೆಟ್ಟಗೆ ನಿಲ್ಲು. ಕೈ ಮುಂದೆ ಎಸೆದದ್ದೇ ಬಾರ್ ದೂರ ಹೋಗಿ, ಕೈಟಿನ ಬಲವೆಲ್ಲ ಒಮ್ಮೆಗೇ ಸೋರಿ, ಮೇಸ್ಟ್ರು ಕಾಲು ಜೋಡಿಸಿಕೊಂಡು ಅಟೆನ್ಷನ್‌ನಲ್ಲಿಯೇ ಸಮುದ್ರಕ್ಕೆ ಅಪ್ಪಳಿಸುತ್ತಿದ್ದರು.

“ಎಂತ ಮೇಸ್ಟ್ರೇ ಇದು, ಧ್ವಜವಂದನೆಯಾ?” ಎಂದು ಜಾಬಿರ್ ದಂಡೆಯಿಂದ ಕೂಗುತ್ತಿದ್ದ. “ಎಷ್ಟು ಸರ್ತಿ ಹೇಳುವುದು ಮಾರಾಯ್ರೆ? ಮೇಲೆ ಇರುವಾಗ ಕೈಟ್ ನಿಮ್ಮ ನೆತ್ತಿಯ ಮೇಲೆ ಇರಬೇಕು. ಅದು ನಿಮ್ಮ ಕೊಡೆ. ನೀರು ಹತ್ತಿರ ಬಂದಾಗ ಬಾರನ್ನು ಮೆಲ್ಲ ಒಳಗೆ ತೆಗೊಳ್ಳಿ, ಕೈಟನ್ನು ನೀವು ಹೋಗುವ ದಿಕ್ಕಿಗೆ ತಿರುಗಿಸಿ. ಆಗ ಅದು ನಿಮ್ಮನ್ನು ಮುಂದಕ್ಕೆ ಕರ್ಕೊಂಡು ಹೋಗ್ತದೆ, ಕೆಳಗೆ ಹಾಕುವುದಿಲ್ಲ. ಮೊಣಕಾಲು ಮಡಚಿ. ಹಲಗೆಯ ಹಿಂದಿನ ತುದಿ ಮೊದಲು ನೀರಿಗೆ ತಾಗಲಿ. ಎಳೆದರೆ ಕೈಟಿಗೆ ಬಲ ಬರ್ತದೆ, ಸಡಿಲ ಬಿಟ್ಟರೆ ಬಲ ಹೋಗ್ತದೆ, ಒಮ್ಮೆಲೇ ಬಿಟ್ಟರೆ ಮನುಷ್ಯ ಕಲ್ಲಿನ ಹಾಗೆ ಬೀಳ್ತಾನೆ. ಇಷ್ಟೇ ಉಂಟು. ತಲೆಗೆ ಹೋಗ್ಲಿಕ್ಕೆ ನಿಮಗೆ ಎಷ್ಟು ವರ್ಷ ಬೇಕು?”

“ತಲೆಗೆ ಹೋಗಿದೆ ಗುರುಗಳೇ,” ಎನ್ನುತ್ತಿದ್ದರು ಮೇಸ್ಟ್ರು, ಮೂಗಿನಿಂದ ಉಪ್ಪುನೀರು ಸುರಿಸುತ್ತ. “ಕಾಲಿಗೆ ಹೋಗ್ಲಿಕ್ಕುಂಟು.”

ದಂಡೆಯಲ್ಲಿ ಜಾಬಿರನ ಕಣ್ಣಿಗೆ ಕಸವಾಗಿದ್ದವರು ಇನ್ನೂ ಇದ್ದರು. ಶೆಡ್ಡಿನಿಂದ ಕೂಗಳತೆಯಲ್ಲಿ ಕೈರಂಪಣಿಯವರು ಬಲೆ ಎಳೆಯುತ್ತಿದ್ದರು. ದೋಣಿ ಬಲೆಯನ್ನು ಕಡಲಿನಲ್ಲಿ ಸುತ್ತು ಹಾಕಿ ಬಿಟ್ಟು ಬಂದರೆ, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ಎರಡು ಗುಂಪು ನಿಂತು ಎಳೆಯಬೇಕು. ಗಂಡಸರು ಸಾಲದ ದಿನ ಹೆಂಗಸರೂ ಕೈ ಹಾಕುತ್ತಿದ್ದರು. ಸರ್ವೋತ್ತಮ ಎಂಬ ಗಟ್ಟಿ ಗಂಟಲಿನ ಮುದುಕ ‘ಐಲೇಸಾ’ ಎಂದು ಕರೆ ಕೊಟ್ಟರೆ ಹಗ್ಗ ಮುಂದೆ ಬರುತ್ತಿತ್ತು, ಅವನು ನಿಲ್ಲಿಸಿದರೆ ನಿಲ್ಲುತ್ತಿತ್ತು. ಹಗ್ಗ ಕೈಯಲ್ಲಿದ್ದಾಗ ಆ ಜನಕ್ಕೆ ಬೇರೆಯವರ ಸ್ವರ ಕಿವಿಗೆ ಬೀಳುವುದಿಲ್ಲ. ಮೇಸ್ಟ್ರಿಗೆ ಮುದುಕನ ಹೆಸರು ಗೊತ್ತಿತ್ತು, ಜಾಬಿರನಿಗೆ ಗೊತ್ತಿರಲಿಲ್ಲ. ಅವನು ಆ ಹಗ್ಗಗಳನ್ನು ದಾಟಿಕೊಂಡು ಹೋಗುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದ. ಗಾಳಿಯಿಲ್ಲದ ದಿನ ಗುಣಪಾಲ ಮೇಸ್ಟ್ರು ಅವರ ಬಳಿ ಹೋಗಿ ಕೂತು ಕಪ್ಪು ಚಹಾ ಕುಡಿಯುವುದನ್ನು ನೋಡಿ, ಮೀನು ಮುಟ್ಟದ ಜೈನರಿಗೆ ಈ ನಾತದಲ್ಲಿ ಎಂತ ಸುಖ ಎಂದು ಹಲ್ಲು ಕಚ್ಚುತ್ತಿದ್ದ.

“ಗುರುಗಳೇ, ನಿಮ್ಮ ದಾರದ ವಿಷಯ ಇವರಿಗೆ ಒಂದು ಮಾತು ಹೇಳಿಡುವುದು ಒಳ್ಳೆಯದಲ್ವಾ?” ಎಂದು ಮೇಸ್ಟ್ರು ಒಮ್ಮೆ ಕೇಳಿದ್ದರು.

“ಇವರಿಗಾ? ಹಗ್ಗ ಕಂಡರೆ ಎಳೆಯುವುದು ಬಿಟ್ಟು ಇವರಿಗೆ ಬೇರೆ ಎಂತ ಗೊತ್ತುಂಟು?” ಎಂದಿದ್ದ ಜಾಬಿರ್. ತಾನು ಆಡಿದ ಮಾತನ್ನು ತಾನೇ ಕೇಳಿಸಿಕೊಳ್ಳುವ ಅಭ್ಯಾಸ ಅವನಿಗೆ ಇರಲಿಲ್ಲ.

ಆ ಭಾನುವಾರ ಮಣಿಪಾಲದಿಂದ ಒಂದು ವ್ಯಾನು ತುಂಬ ವಿದ್ಯಾರ್ಥಿಗಳು ಬರುವವರಿದ್ದರು. ಕರೆತರುವವಳು ಲೊರ್ನಾ, ಶಿರ್ವದ ಹುಡುಗಿ, ಇಂಜಿನಿಯರಿಂಗ್ ಓದುವವಳು. “ಇವರೆಲ್ಲ ಸೇರುವವರೇ ಸರ್, ಆದರೆ ಮೊದಲು ನೀವು ಹಾರುವುದನ್ನು ನೋಡಬೇಕಂತೆ. ಬಿದ್ದು ಕಾಲು ಮುರಿದುಕೊಂಡರೆ ಅಂತ ಹೆದರಿಕೆ,” ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ಅಂದರೆ ಶೆಡ್ಡು ಶಾಲೆಯಾಗುವುದೋ ಐಸ್‌ಕ್ರೀಮ್ ಅಂಗಡಿಯಾಗುವುದೋ ಎಂಬುದು ಅವತ್ತಿನ ಇಳಿತದ ಮೇಲೆ ನಿಂತಿತ್ತು. ಜಾಬಿರ್ ಬೆಳಗ್ಗೆಯೇ ಮೇಸ್ಟ್ರನ್ನು ಕರೆದು, “ನೀವು ಇವತ್ತು ನೀರಿಗೆ ಇಳಿಯುವುದು ಬೇಡ. ನಿಮ್ಮ ಧ್ವಜವಂದನೆ ನೋಡಿದರೆ ಇದ್ದವರೂ ಓಡಿಹೋಗ್ತಾರೆ,” ಎಂದ. ಮೇಸ್ಟ್ರಿಗೆ ನೋವಾಯಿತು. ಅದನ್ನು ತೋರಿಸಿಕೊಳ್ಳದೆ ಟೋಪಿ ಸರಿಮಾಡಿಕೊಂಡು ಬಲೆಯವರ ಬಳಿ ಹೋಗಿ ಕೂತರು.

ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದಿತು. ಮಣಿಪಾಲದ ಮಕ್ಕಳು ಬಣ್ಣಬಣ್ಣದ ಕನ್ನಡಕ ಹಾಕಿಕೊಂಡು, ಚಿಪ್ಸ್ ತಿನ್ನುತ್ತ, ಮೇಲೆಳೆದಿಟ್ಟ ದೋಣಿಗಳ ಹಿಂದೆ ನೆರಳು ಹುಡುಕಿ ನಿಂತರು. ಜಾಬಿರನಿಗೆ ಅವರ ಮೇಲೂ ತಾತ್ಸಾರವೇ. ಅಪ್ಪನ ದುಡ್ಡಿನ ಕೂಸುಗಳು. ಆದರೆ ಇದು ಬೇಕಾದ ತಾತ್ಸಾರ, ನಗುಮುಖದ ಹಿಂದೆ ಇಟ್ಟುಕೊಳ್ಳುವಂಥದ್ದು.

ಅವನು ಹಾರಿದ. ಹಾರಿದ್ದು ಚಂದವಾಗಿತ್ತು ಎಂಬುದನ್ನು ಒಪ್ಪಲೇಬೇಕು. ತೆಂಗಿನ ಮರದ ಎತ್ತರಕ್ಕೆ ಹೋಗಿ, ಕೈಟನ್ನು ನೆತ್ತಿಗೆ ತಂದು, ಅವಸರವಿಲ್ಲದೆ ತೇಲಿ, ಕಡೆಗಳಿಗೆಯಲ್ಲಿ ಅದನ್ನು ಮುಂದಕ್ಕೆ ತಿರುಗಿಸಿ, ಮೊಣಕಾಲು ಮಡಚಿ ಇಳಿದರೆ ನೀರು ಸಿಡಿಯಲೂ ಇಲ್ಲ. ಇನ್ನೊಮ್ಮೆ ಹಾರಿದ, ಹಾಗೆಯೇ ಇಳಿದ. ಮಕ್ಕಳು ಶಿಳ್ಳೆ ಹೊಡೆದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಹೊಗಳಿಕೆ ಕಿವಿಗೆ ಬಿದ್ದ ಮನುಷ್ಯನನ್ನು ತಡೆಯುವವರು ಯಾರು? ಮೂರನೆಯದನ್ನು ಅವನು ದಂಡೆಯ ಹತ್ತಿರವೇ ಹಾರಿ, ಮೆಟ್ಟಿಲಿಳಿದಷ್ಟು ಸಲೀಸಾಗಿ ಮೊಣಕಾಲಾಳದ ನೀರಿನಲ್ಲಿ ಇಳಿದು, ಹಲಗೆ ಕಳಚಿ ಒದ್ದೆ ಮರಳಿಗೆ ಬಂದ. ಬಂದವನು ದುಬೈಯಲ್ಲಿ ಯಾರೋ ಮಾಡಿದ್ದನ್ನು ನೆನಪಿಟ್ಟುಕೊಂಡು, ಒಂದು ಮೊಣಕಾಲೂರಿ, ಎರಡೂ ಕೈ ಚಾಚಿ, ತಲೆ ಬಗ್ಗಿಸಿ, ಚಪ್ಪಾಳೆಗಾಗಿ ಹಾಗೆಯೇ ನಿಂತ. ಕೈಟು ಪಕ್ಕದಲ್ಲಿ ತಗ್ಗಿಗೆ ಬಂದು ತೂಗುತ್ತಿತ್ತು. ಅದರ ದಾರಗಳು ಸಡಿಲಗೊಂಡು ಬಲೆಯವರ ಮುಂದೆಯೇ ಮರಳಿನ ಮೇಲೆ ಜೋತವು.

ಬಲೆಯವರಿಗೆ ಕಂಡದ್ದು ಬೇರೆ. ಒಬ್ಬ ಮನುಷ್ಯ ಆಕಾಶದಿಂದ ಬಂದು ಕಡಲಿನ ಅಂಚಿನಲ್ಲಿ ಮೊಣಕಾಲ ಮೇಲೆ ಕುಸಿದಿದ್ದಾನೆ, ತಲೆ ಎತ್ತುತ್ತಿಲ್ಲ, ಹಿಂದಿನಿಂದ ದೊಡ್ಡ ತೆರೆ ಬರುತ್ತಿದೆ. ಅಂಥಲ್ಲಿ ಅವರ ಕ್ರಮ ಒಂದೇ: ಮೊದಲು ಹಗ್ಗಕ್ಕೆ ಕೈ, ಆಮೇಲೆ ಮಾತು. ಮೋಹಿನಿ ಎಂಬ ಹೆಂಗಸು ಎಲ್ಲರಿಗಿಂತ ಮೊದಲು ಓಡಿ ದಾರ ಹಿಡಿದಳು. ಹಿಂದೆಯೇ ಒಂದು ಗುಂಪು ಬಂತು. ಮೇಸ್ಟ್ರು “ಅಯ್ಯೋ, ಬೇಡ!” ಎನ್ನುವುದರೊಳಗೆ ಸರ್ವೋತ್ತಮನ ಗಂಟಲು ‘ಐಲೇಸಾ’ ಎಂದಾಗಿತ್ತು.

ಎಳೆದರೆ ಕೈಟಿಗೆ ಬಲ ಬರುತ್ತದೆ. ಇಷ್ಟು ಜನ ಎಳೆದರೆ ಎಷ್ಟು ಬಲ ಬರಬೇಡ! ತೂಗುತ್ತಿದ್ದದ್ದು ಮಗ್ಗುಲು ತಿರುಗಿ, ಗಾಳಿ ನುಂಗಿ, ನೆಟ್ಟಗೆ ಮೇಲೆದ್ದಿತು. ಜಾಬಿರನ ಚಾಚಿದ ಕೈಗೆ ಬಾರ್ ಸಿಕ್ಕಲೇ ಇಲ್ಲ. ಸೊಂಟದ ಪಟ್ಟಿ ಅವನನ್ನು ಬೆಕ್ಕಿನ ಮರಿಯಂತೆ ಎತ್ತಿಕೊಂಡು ಹೋಯಿತು. ಕೆಳಗೆ ಮರಳು, ಮುಂದೆ ಕಡಲ್ಕೊರೆತಕ್ಕೆ ಹಾಕಿದ ಕರಿಕಲ್ಲಿನ ರಾಶಿ. ಜನ ದಾರ ಹಿಡಿದಿರುವಷ್ಟು ಹೊತ್ತು ಅವನು ಅಲ್ಲೇ ನೇತಾಡುತ್ತಾನೆ, ಬಿಟ್ಟರೆ ಆ ಕಲ್ಲುಗಳ ಮೇಲೆ ಹೋಗಿ ಬೀಳುತ್ತಾನೆ. ಅವನು “ಬಿಡಿ!” ಎಂದು ಕಿರುಚಿದ, ಮರುಕ್ಷಣವೇ “ಬಿಡಬೇಡಿ!” ಎಂದು ಕಿರುಚಿದ. ಯಾರೂ ಕೇಳಲಿಲ್ಲ. ಕರೆಯಲು ಒಂದು ಹೆಸರಿಗಾಗಿ ತಡಕಾಡಿದರೆ ದಾರ ಹಿಡಿದವರಲ್ಲಿ ಅವನಿಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಕಂಡರಿಯದಂಥ ಭಯವಾಯಿತು.

ಆಗ ಮೇಸ್ಟ್ರ ಸೀಟಿ ಕೂಗಿತು. “ಸರ್ವೋತ್ತಮಣ್ಣ! ಎಳೆಯುವುದು ನಿಲ್ಲಿಸಿ! ಬಿಡಬೇಡಿ, ಬಿಟ್ಟರೆ ಮನುಷ್ಯ ಸಾಯ್ತಾನೆ! ಬಲೆ ಕಲ್ಲಿಗೆ ಸಿಕ್ಕಿದಾಗ ಹಗ್ಗ ಕೊಡ್ತೀರಲ್ಲ, ಹಾಗೆ ಕೊಡಿ! ಮೆಲ್ಲ, ನಡೆದುಕೊಂಡು!”

ಸರ್ವೋತ್ತಮ ಕರೆಯ ರಾಗ ಬದಲಿಸಿದ. ಎಳೆಯುವ ರಾಗವಲ್ಲ, ಬಿಟ್ಟುಕೊಡುವ ರಾಗ. ಗುಂಪು ಒಂದೇ ಮೈಯಾಗಿ ಒಂದೊಂದೇ ಹೆಜ್ಜೆ ಮುಂದೆ ಬಂತು. ಹಗ್ಗಕ್ಕಿಂತ ಎಷ್ಟೋ ತೆಳ್ಳಗಿನ ಆ ದಾರ ಅಂಗೈಗಳೊಳಗೆ ಕತ್ತಿಯಂತೆ ಇಳಿಯುತ್ತಿತ್ತು. ಮೋಹಿನಿ ತುಟಿ ಕಚ್ಚಿಕೊಂಡು ನಡೆದಳು. ಕೈಟು ನೆತ್ತಿಗೆ ಬಂದು ಶಾಂತವಾಯಿತು. ಜಾಬಿರ್ ತೂಗುತ್ತ ತೂಗುತ್ತ ಕೆಳಗೆ ಬಂದು ಮರಳಿನ ಮೇಲೆ ಕಾಲೂರಿದ. ಅವನ ಮೊಣಕಾಲು ಮಡಚುವ ಅಗತ್ಯವೂ ಬೀಳಲಿಲ್ಲ. ಅಷ್ಟು ಮೆತ್ತಗೆ ಅವನು ದುಬೈಯಲ್ಲಿಯೂ ಇಳಿದಿರಲಿಲ್ಲ. ಮೇಸ್ಟ್ರು ಓಡಿಬಂದು ಸೊಂಟದ ಪಟ್ಟಿಯ ಕೊಂಡಿ ಬಿಡಿಸಿದ ಮೇಲಷ್ಟೇ ಬಲೆಯವರು ದಾರ ಕೈಬಿಟ್ಟರು.

ಮಣಿಪಾಲದ ಮಕ್ಕಳು ದೋಣಿಗಳ ಹಿಂದಿನಿಂದ ಚಪ್ಪಾಳೆ ತಟ್ಟುತ್ತ ಓಡಿಬಂದರು. ಬಲೆಯವರನ್ನು ದೋಣಿಗಳು ಮರೆಮಾಡಿದ್ದರಿಂದ ಅಲ್ಲಿಂದ ಅವರಿಗೆ ಕಂಡದ್ದು ಆಕಾಶ, ಕೈಟು, ಹೂವಿನಂತೆ ಇಳಿದ ಮನುಷ್ಯ, ಅಷ್ಟೇ.

“ಸರ್, ಕೊನೆಯದ್ದು ಸೂಪರ್!” ಎಂದಳು ಲೊರ್ನಾ. “ನೀರೇ ಇಲ್ಲದೆ ನಿಂತಲ್ಲಿಂದಲೇ ಎದ್ದು, ಅಷ್ಟು ಸ್ಲೋ ಆಗಿ ಇಳಿದಿರಲ್ಲ! ಅದನ್ನು ನಮಗೂ ಕಲಿಸ್ತೀರಾ?”

ಜಾಬಿರ್ ಮೊಣಕಾಲಿನ ಮರಳು ಕೊಡವಿಕೊಂಡ. ನಿಜ ಹೇಳಲು ಒಂದು ಮಾತು ಸಾಕಿತ್ತು. ಶೆಡ್ಡು ಕಣ್ಣ ಮುಂದೆ ಬಂತು, ಐಸ್‌ಕ್ರೀಮಿನ ಬೋರ್ಡು ಕಣ್ಣ ಮುಂದೆ ಬಂತು.

“ಕಲಿಸ್ತೇನೆ,” ಎಂದ. “ಅದಕ್ಕೆ ಅಭ್ಯಾಸ ಬೇಕು.”

“ಇವರ ಕೈಗೆ ಎಂತಾಯಿತು?” ಎಂದು ಲೊರ್ನಾ ಮೋಹಿನಿಯ ಕಡೆ ನೋಡಿ ಕೇಳಿದಳು.

“ಅವರಿಗೆ ಅದೆಲ್ಲ ಮಾಮೂಲಿ. ಹಗ್ಗ ಎಳೆಯುವ ಕೈ ಅಲ್ವಾ?”

ಹೇಳಿ, ಮೇಸ್ಟ್ರ ಕಡೆ ನೋಡಿದ. ಮೇಸ್ಟ್ರು ಮರಳಿನಲ್ಲಿ ಕೂತು ತಮ್ಮ ಟವಲನ್ನು ಹರಿದು ಮೋಹಿನಿಯ ಅಂಗೈಗೆ ಸುತ್ತುತ್ತಿದ್ದರು. ಈಗ ಇವರು ಬಾಯಿಬಿಡುತ್ತಾರೆ, ನಾಲ್ಕು ಜನರ ಮುಂದೆ ನನ್ನನ್ನು ಉಗಿಯುತ್ತಾರೆ ಎಂದು ಜಾಬಿರ್ ಕಾದ. ಉಗಿದರೆ ಜಗಳವಾಡಲು ಸಿದ್ಧನಾಗಿಯೂ ನಿಂತ.

ಮೇಸ್ಟ್ರು ತಲೆ ಎತ್ತಲಿಲ್ಲ. “ಹೌದಮ್ಮ,” ಎಂದರು ಲೊರ್ನಾಳಿಗೆ, “ಅವರು ಹೇಳಿದ ಹಾಗೆಯೇ.”

ಜಾಬಿರನಿಗೆ ಕಪಾಳಕ್ಕೆ ಬಿದ್ದಂತಾಯಿತು. ತಿದ್ದಿಯೂ ಪ್ರಯೋಜನವಿಲ್ಲದವರಿಗೆ ಮಾತ್ರ ಜನ ಹಾಗೆ ಹೌದು ಎನ್ನುತ್ತಾರೆ. ಅವನ ಶಿಷ್ಯ ಅವನನ್ನು ಕೈಬಿಟ್ಟಿದ್ದರು, ಅದೂ ಬಹಳ ಮೆಲ್ಲಗೆ.

ಮೋಹಿನಿ ಸುತ್ತಿದ ಕೈಯನ್ನು ತಿರುಗಿಸಿ ನೋಡಿಕೊಂಡು, ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ಅಳೆದು, ಸರ್ವೋತ್ತಮನಿಗೆ ಹೇಳಿದಳು: “ಎಂತೆಂತದ್ದೋ ಎಳೆದು ಹಾಕಿದ್ದೇವೆ ಅಣ್ಣಾ ಈ ಕಡಲಿನಿಂದ. ಮಾರಲಿಕ್ಕೂ ಆಗದ, ಬಿಸಾಡಲಿಕ್ಕೂ ಆಗದ ಇಂಥದ್ದು ಇದೇ ಮೊದಲು.”

ಬಲೆಯವರು ಗೊಳ್ಳೆಂದು ನಕ್ಕರು, ಏನೂ ಅರ್ಥವಾಗದ ಮಣಿಪಾಲದ ಮಕ್ಕಳೂ ಜೊತೆಗೆ ನಕ್ಕರು. ಮೇಸ್ಟ್ರು ಎದ್ದು, ಕುತ್ತಿಗೆಯ ಸೀಟಿ ತೆಗೆದು ಕಿಸೆಗೆ ಹಾಕಿಕೊಂಡು, ಕಾರ್ಕಳದ ಬಸ್ಸಿಗೆ ನಡೆದರು. ಲೊರ್ನಾ ಯಾರು ಯಾರು ಸೇರುತ್ತಾರೆಂದು ಗೆಳೆಯರನ್ನು ಕೇಳುತ್ತಿದ್ದಳು. ಎಲ್ಲರೂ ಕೈ ಎತ್ತಿದ್ದರು. ಜಾಬಿರ್ ಬಗ್ಗಿ ದಾರ ಸುತ್ತಿಕೊಳ್ಳತೊಡಗಿದ. ಬಿಳಿಯ ದಾರದಲ್ಲಿ ಗೇಣಿಗೊಂದರಂತೆ ಕೆಂಪು ಹತ್ತಿತ್ತು, ಸುತ್ತಿದಷ್ಟೂ ಅವನ ಕೈಗೆ ಅಂಟುತ್ತಿತ್ತು.

“ನಾನು ಹಿಡಿದುಕೊಳ್ಳಲಾ ಸರ್?” ಎಂದು ಲೊರ್ನಾ ಕೈ ಮುಂದೆ ಮಾಡಿದಳು.

“ಮುಟ್ಟಬೇಡಿ,” ಎಂದ ಜಾಬಿರ್, ಮುಖ ಎತ್ತದೆ.