ಅಕ್ಕನ ಹೆಸರಿಗೆ ನನ್ನ ಬೆರಳು

ಕಾರ್ಖಾನೆಯ ಗೇಟಿಗೆ ಆ ಚೀಟಿ ಅಂಟಿಸಿದ ಬೆಳಿಗ್ಗೆ ಎಲ್ಲರೂ ನಿಂತು ಓದಿ, "ಒಳ್ಳೇದೇ ಆಯ್ತು ಬಿಡು, ಇನ್ನು ಬಿಲ್ಲೆ ಕಳ್ಕೊಳ್ಳೋ ಭಯ ಇಲ್ಲ" ಎನ್ನುತ್ತ ಒಳಗೆ ಹೋದರು. ನನಗೆ ಮಾತ್ರ ಕಾಲು ಕೀಳಲಾಗಲಿಲ್ಲ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬಿಲ್ಲೆ ನಡೆಯುವುದಿಲ್ಲ. ಪ್ರತಿಯೊಬ್ಬರೂ ಸರ್ಕಾರದ ಹೊಸ ಗುರುತಿನ ಕಾರ್ಡಿಗೆ ಹತ್ತು ಬೆರಳು, ಎರಡು ಕಣ್ಣು ಕೊಟ್ಟು, ಅದರ ರಸೀದಿ ತಂದು ಕಚೇರಿಯಲ್ಲಿ ತೋರಿಸಬೇಕು. ಆಮೇಲೆ ಗೇಟಿನಲ್ಲಿ ಬೆರಳು ಒತ್ತಿದವರಿಗಷ್ಟೇ ಒಳಗೆ ದಾರಿ. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಬಿಲ್ಲೆ ನನ್ನದಲ್ಲ, ಅಕ್ಕನದು. ಹದಿನೇಳು ವರ್ಷದಿಂದ ಅದನ್ನೇ ಹಾಕಿಕೊಂಡು ಆ ಗೇಟು ದಾಟುತ್ತಿದ್ದೆ.

ನಮ್ಮದು ಕಾಲುಚೀಲದ ಕಾರ್ಖಾನೆ. ಯಂತ್ರದಿಂದ ಇಳಿದ ಚೀಲಗಳನ್ನು ಒಂದೊಂದಾಗಿ ಮರದ ಪಾದಕ್ಕೆ ತೊಡಿಸಿ, ಬೆಳಕಿಗೆ ತಿರುಗಿಸಿ, ಎಲ್ಲಾದರೂ ಕುಣಿಕೆ ತಪ್ಪಿದೆಯೇ ಎಂದು ನೋಡಿ, ಉದ್ದಕ್ಕೆ ಉದ್ದ, ಬಣ್ಣಕ್ಕೆ ಬಣ್ಣ ಹೊಂದಿಸಿ ಕಟ್ಟುವ ಜಾಗಕ್ಕೆ ಜೋಡಿ ಮೇಜು ಎನ್ನುತ್ತಾರೆ. ಅಲ್ಲಿ ಕೆಲಸ ಸಿಕ್ಕಿದ್ದು ಅಕ್ಕನಿಗೆ. ಮಗಳು ಹುಟ್ಟಿದಾಗ ರಜೆ ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ; ಕೇಳಿದವರ ಸ್ಟೂಲಿನಲ್ಲಿ ಮಾರನೆಯ ದಿನವೇ ಬೇರೊಬ್ಬರು ಕೂತದ್ದನ್ನು ಕಣ್ಣಾರೆ ಕಂಡಿದ್ದಳು. ಅವಳ ನೀಲಿ ಕೋಟು ತೊಟ್ಟು ನಾನು ಹೋದೆ. ನಾನು ಆರು ವರ್ಷ ಚಿಕ್ಕವಳಾದರೂ ಇಬ್ಬರ ಮುಖವೂ ಒಂದೇ ಅಚ್ಚು. ಬಾಣಂತನ ಮುಗಿದ ಮೇಲೂ ಅದೇ ರೂಢಿಯಾಯಿತು. ಒಂದು ವಾರ ಅವಳು, ಒಂದು ವಾರ ನಾನು. ಮನೆಯಲ್ಲಿದ್ದವಳು ಮಗು ನೋಡಿಕೊಳ್ಳುವುದು. ಬಾವ ಲಾರಿ ಹತ್ತಿದರೆ ಹದಿನೈದು ದಿನ ಮುಖ ಕಾಣದು. ಒಲೆ ಉರಿಯುತ್ತಿದ್ದದ್ದು ಆ ಒಂದು ಬಿಲ್ಲೆಯಿಂದ.

ಮೇಜಿನ ಹೆಂಗಸರಿಗೆಲ್ಲ ಗೊತ್ತಿತ್ತು. ಬಾಯಿ ತಪ್ಪದಿರಲೆಂದು ನನ್ನನ್ನೂ ಅಕ್ಕನ ಹೆಸರಿನಿಂದಲೇ ಕರೆಯುತ್ತಿದ್ದರು. ಸೀಟಿ ಊದಿ ಪಾಳಿ ಬಿಡುವ ನಮ್ಮ ಮೇಸ್ತ್ರಿಗೂ ಗೊತ್ತಿತ್ತು. ಅವರನ್ನು ಸೀಟಿ ಮೇಸ್ತ್ರಿ ಎಂದೇ ಕರೆಯುವುದು. "ನಾನು ಕೇಳಿಲ್ಲ, ನೀನು ಹೇಳಿಲ್ಲ" ಎಂದು ಮೊದಲ ವಾರವೇ ಅಂದಿದ್ದರು. ಈಚಿನ ಎರಡು ವರ್ಷ ಅಕ್ಕನ ಎದೆಯಲ್ಲಿ ನೂಲಿನ ಧೂಳು ಕೂತು, ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಳ್ಳೆ ಹಾಕುತ್ತಿತ್ತು. ಎಲ್ಲ ವಾರವೂ ನಾನೇ ಹೋಗುತ್ತಿದ್ದೆ. ಹೆಸರು ಮನೆಯಲ್ಲಿ ಮಲಗಿರುತ್ತಿತ್ತು, ಕೈ ಮೇಜಿನಲ್ಲಿ ದುಡಿಯುತ್ತಿತ್ತು.

ಅವತ್ತು ಸಂಜೆ ಚೀಟಿಯ ವಿಷಯ ಹೇಳಿದಾಗ ಅಕ್ಕ ಗೋಡೆಗೆ ಒರಗಿ ಕೂತಳು. ಆಮೇಲೆ, "ನನ್ನ ಹೆಸರಿಗೆ ನೀನು ಬೆರಳು ಕೊಡು" ಎಂದಳು. "ನಿನ್ನ ಹೆಸರಿಗೆ ನಾನು ಕೊಡ್ತೀನಿ. ಯಾರಿಗೂ ಏನೂ ಕಮ್ಮಿಯಾಗಲ್ಲ."

"ಸಾಯೋತನಕ ಅದೇ ಆಗೋಗತ್ತಲ್ಲ ಅಕ್ಕ."

"ಕೆಲಸ ಹೋದ್ರೆ ಸಾಯೋದು ಬೇಗ ಆಗತ್ತೆ, ಅಷ್ಟೆ."

"ಬಾವ ನನ್ನ ಗಂಡ ಅಂತ ಬರೆಸಬೇಕಾಗತ್ತೆ."

"ತಗೊಂಡು ಹೋಗು ಮಾರಾಯ್ತಿ, ಗೊರಕೆ ಸಮೇತ" ಎಂದು ಅಕ್ಕ ನಕ್ಕಳು. ನಗು ಕೆಮ್ಮಾಯಿತು.

ಪಕ್ಕದಲ್ಲಿ ಓದುತ್ತ ಕೂತಿದ್ದ ಅವಳ ಮಗಳು ತಲೆಯೆತ್ತಿ, "ಹಾಗಾದ್ರೆ ಚಿಕ್ಕಮ್ಮ, ಕಾಗದದಲ್ಲಿ ನನಗೆ ನೀನು ಅಮ್ಮಾನಾ?" ಎಂದಳು. ತಮಾಷೆಗೇ ಕೇಳಿದ್ದು. ಅಕ್ಕನ ಮುಖದ ನಗು ಅಲ್ಲೇ ಆರಿತು.

ಹತ್ತು ದಿನ ಪಾಠ ನಡೆಯಿತು. ಅಕ್ಕ ಹುಟ್ಟಿದ ತಾರೀಖು, ಮದುವೆಯಾದ ವರ್ಷ ಎಲ್ಲ ನನಗೆ ಬಾಯಿಪಾಠ. ಕಷ್ಟವಾದದ್ದು ಅದಲ್ಲ. ಅವಳನ್ನು ಹೆಸರು ಹಿಡಿದು ಕರೆಯಬೇಕಿತ್ತು, ಅವಳು ನನ್ನನ್ನು ಅಕ್ಕ ಎನ್ನಬೇಕಿತ್ತು. ಹುಟ್ಟಿದಾಗಿನಿಂದ ಅಕ್ಕ ಎಂದ ನಾಲಿಗೆ ಹೆಸರಿನ ಹತ್ತಿರ ಬಂದು ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತಿತ್ತು. "ಏನೂ ಕರೀಬೇಡ, ಬಾಯಿ ಮುಚ್ಕೊಂಡಿರು, ಅದೇ ಕ್ಷೇಮ" ಎಂದು ಅಕ್ಕ ಕೈ ಮುಗಿದಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಆ ಹತ್ತು ದಿನ ನನ್ನದು ಹಾಗೇ. ಬೀದಿಯಲ್ಲಿ ಯಾರಾದರೂ ಎರಡು ಸಲ ನೋಡಿದರೆ ದಾರಿ ಬದಲಿಸುತ್ತಿದ್ದೆ. ಸುಳ್ಳು ಕಾಗದ ಕೊಟ್ಟವನೊಬ್ಬನನ್ನು ಹಿಡಿದೊಯ್ದರೆಂದು ನೀರಿನ ಸಾಲಿನಲ್ಲಿ ಯಾರೋ ಅಂದರು. ತುಂಬಿದ ಬಿಂದಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಿದ್ದೆ.

ಕಾರ್ಡು ಮಾಡುತ್ತಿದ್ದದ್ದು ಅಂಚೆ ಕಚೇರಿಯ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಅಕ್ಕ ಮೂರು ಕಡೆ ನಿಂತು ಹತ್ತಿದಳು. ಮೇಲೆ ಒಂದೇ ಕೋಣೆ, ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ಒಂದು ಸ್ಟೂಲು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಅಸಲು ಕಾಗದಗಳನ್ನೇ ತರಬೇಕು. ಸುಳ್ಳು ಮಾಹಿತಿ ಕೊಟ್ಟವರಿಗೆ ಜೈಲು. ಅದರ ಕೆಳಗೇ ಪೇದೆಯೊಬ್ಬ ಕುರ್ಚಿ ಹಾಕಿಕೊಂಡು ಕಿವಿ ಕೆರೆಯುತ್ತಿದ್ದ.

ನನ್ನ ಸರದಿ ಬಂತು. ಅಕ್ಕ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ನನ್ನ ಶಾಲೆಯ ಸರ್ಟಿಫಿಕೇಟು ಹಿಡಿದು ಕೂತಿದ್ದಳು. ನಾನಾದ ಮೇಲೆ ಅವಳದು. ಕಂಪ್ಯೂಟರಿನ ಮುಂದಿನ ಹುಡುಗಿ ನನ್ನ ಕೈಯಿಂದ ಅರ್ಜಿ, ಮನೆಯ ಕರೆಂಟಿನ ಬಿಲ್ಲು, ಕಾರ್ಖಾನೆಯ ಪತ್ರ ತೆಗೆದುಕೊಂಡಳು. ಪತ್ರದಲ್ಲಿದ್ದದ್ದು ಅಕ್ಕನ ಹಳೆಯ ಫೋಟೋ. ಅವಳು ಫೋಟೋ ನೋಡಿದಳು, ನನ್ನ ನೋಡಿದಳು.

"ವಯಸ್ಸೇ ಆಗಿಲ್ವಲ್ಲ ನಿಮಗೆ! ಏನು ತಿಂತೀರಿ?" ಎಂದಳು.

"ಮನೇಲಿ ಇದ್ದದ್ದು" ಎಂದೆ. ಅವಳು ನಕ್ಕು ಟೈಪು ಮಾಡತೊಡಗಿದಳು.

ಹೆಸರು, ಹುಟ್ಟಿದ ತಾರೀಖು, ಗಂಡನ ಹೆಸರು, ಮನೆ, ಬೀದಿ. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಒಂದೊಂದಾಗಿ ಓದಿ ನೋಡಿ ಅಕ್ಕ. ಹೆಸರಲ್ಲಿ ಅಕ್ಷರ ತಪ್ಪಿದ್ರೆ ಮುಂದೆ ತಿದ್ದಬಹುದು. ಇನ್ನೊಬ್ರ ಹೆಸರಿಗೆ ನಿಮ್ಮ ಬೆರಳು ಬಿದ್ರೆ ಮಾತ್ರ ನನಗೂ ತಿದ್ದಕ್ಕಾಗಲ್ಲ, ನಮ್ಮ ಸಾಹೇಬ್ರಿಗೂ ತಿದ್ದಕ್ಕಾಗಲ್ಲ." ಎಲ್ಲರಿಗೂ ಹೇಳುವ ಮಾತೇ ಇರಬೇಕು. ನನಗೆ ಮಾತ್ರ ಕಂಡುಹಿಡಿದಳೇನೋ ಅನ್ನಿಸಿತು. ಓದಿದೆ. ಒಂದಕ್ಷರವೂ ತಪ್ಪಿರಲಿಲ್ಲ. "ಸರಿಯಾಗಿದೆ" ಎಂದೆ.

ಬಿಳಿ ಬಟ್ಟೆಯ ಮುಂದೆ ಕೂರಿಸಿ ಫೋಟೋ ತೆಗೆದು, ಕಣ್ಣಿಗೆ ದುರ್ಬೀನಿನಂಥದ್ದನ್ನು ಹಿಡಿಸಿ, ರೆಪ್ಪೆ ಬಡಿಯದೆ ನೋಡಿ ಎಂದಳು. ಎಡಗೈಯ ನಾಲ್ಕು ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಜಿನ ಮೇಲೆ ಒತ್ತಿಸಿದಳು. ಹಸಿರು ಬೆಳಕು ಹೊತ್ತಿತು. ಇನ್ನು ಬಲಗೈ, ಆಮೇಲೆ ಎರಡು ಹೆಬ್ಬೆರಳು, ಮುಗಿಯಿತು ಎಂದುಕೊಂಡು ಬಲಗೈ ಇಟ್ಟೆ.

ಆಗ ಅಕ್ಕ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಕುರ್ಚಿಯಿಂದ ಜಾರುತ್ತಿದ್ದಳು.

"ಅಕ್ಕಾ!"

ಕೈ ಗಾಜಿನಿಂದ ಎದ್ದುಹೋಯಿತು. ಯಂತ್ರ ಕೆಂಪಾಗಿ ಕಿರುಚಿತು. ನಾನು ಓಡಿಹೋಗಿ ಅವಳ ತಲೆ ಹಿಡಿದೆ. ತುಟಿ ನೀಲಿಗಟ್ಟುತ್ತಿತ್ತು. ಅವಳ ಕೈಚೀಲದಲ್ಲಿ ಉಸಿರಿನ ಪಂಪು ಹುಡುಕಿದೆ. ಏನೇನೋ ಸಿಕ್ಕಿತು, ಅದು ಸಿಗಲಿಲ್ಲ. ಹುಡುಗಿ ನೀರು ತಂದಳು. ತಂದವಳು ನೆಲಕ್ಕೆ ಬಿದ್ದ ಸರ್ಟಿಫಿಕೇಟು ಎತ್ತಿ ನೋಡಿ, "ಕಾಗದದಲ್ಲಿ ನೀವೇ ದೊಡ್ಡೋರು. ಇವರನ್ನ ಅಕ್ಕ ಅಂದ್ರಲ್ಲ?" ಎಂದಳು.

"ನಾವು… ನಾವು ಎಲ್ಲರಿಗೂ ಅಕ್ಕ ಅನ್ನೋದು" ಎಂದೆ.

"ಹೂಂ, ನಾನೂ ನಿಮಗೆ ಅಂದೆನಲ್ಲ" ಎಂದು ಅವಳು ತಲೆಯಾಡಿಸಿದಳು. ನಂಬಿದಳು. ನಾನು ಬದುಕಿದೆ ಎಂದುಕೊಂಡೆ.

ಪೇದೆ ಎದ್ದು ಬಂದ. ಅಕ್ಕನ ಕಣ್ಣುಗುಡ್ಡೆ ಮೇಲಕ್ಕೆ ಹೋಗಿದ್ದನ್ನು ನೋಡಿ ಫೋನು ತೆಗೆದ. "ಆಸ್ಪತ್ರೆ ಗಾಡಿಗೆ ಹೇಳ್ತೀನಿ. ಯಾಕೋ ಉಳಿಯೋ ಹಾಗೆ ಕಾಣ್ತಿಲ್ಲ. ಹೆಸರೇನು ಇವರದು? ಹೆಸರು ಹೇಳಮ್ಮ, ಬೇಗ!"

ಹೇಳಬೇಕಾಗಿದ್ದದ್ದು ನನ್ನ ಹೆಸರು. ತುಟಿಯವರೆಗೆ ಬಂತು. ಅಲ್ಲೇ ಹೆದರಿಕೆ ಹಿಡಿಯಿತು. ಅಂಥ ಹೆದರಿಕೆಯನ್ನು ಜೈಲಿನ ಬೋರ್ಡು ಕೂಡ ಹುಟ್ಟಿಸಿರಲಿಲ್ಲ. ಈಗ ಇವಳ ಉಸಿರು ನಿಂತರೆ ಸತ್ತವಳು ನಾನಾಗುತ್ತೇನೆ. ಅಕ್ಕ ಸಾಯುವುದೇ ಇಲ್ಲ, ನಾಳೆ ಬೆಳಿಗ್ಗೆ ಕಾಲುಚೀಲ ಕಟ್ಟಲು ಹೋಗುತ್ತಾಳೆ. ಅವಳ ಮಗಳು ಅಮ್ಮನಿಗಾಗಿ ಅತ್ತರೆ, ನಿನ್ನಮ್ಮ ಇದ್ದಾಳಲ್ಲ ಎಂದು ನನ್ನ ಕಡೆ ಬೆರಳು ತೋರಿಸುತ್ತಾರೆ.

"ಹೆಸರು!" ಎಂದ ಪೇದೆ.

ಅಕ್ಕನ ಹೆಸರನ್ನೇ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಅವಳೆದುರು ಆ ಹೆಸರು ನನ್ನ ಬಾಯಲ್ಲಿ ಬಂತು.

ಪೇದೆ ಅದನ್ನೇ ಫೋನಿನಲ್ಲಿ ಕೂಗುತ್ತ ಮೆಟ್ಟಿಲ ಕಡೆ ನಡೆದ. ಹುಡುಗಿ ಪರದೆಯತ್ತ ನೋಡಿದಳು. ಅಲ್ಲಿಯೂ ಅದೇ ಹೆಸರು, ಅದರ ಪಕ್ಕದಲ್ಲಿ ನನ್ನ ಮುಖ. ಅವಳ ಕಣ್ಣು ಪರದೆಯಿಂದ ನನಗೆ, ನನ್ನಿಂದ ಪೇದೆಯ ಬೆನ್ನಿಗೆ ಹೋಯಿತು. ಅಷ್ಟರಲ್ಲಿ ಅಕ್ಕನ ಚೀಲದ ತಳದಲ್ಲಿ ಪಂಪು ಕೈಗೆ ಸಿಕ್ಕಿತು. ಬಾಯಿಗೆ ಹಿಡಿದು ಒತ್ತಿದೆ. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ಅಕ್ಕನ ಎದೆ ಎದ್ದಿತು.

ನಾನು ಅಕ್ಕನ ಬೆನ್ನು ನೀವುತ್ತಿರುವಾಗ ಹಿಂದೆ ಒಂದು ಕೀಲಿ ಒತ್ತಿದ ಸದ್ದಾಯಿತು. ನೋಡಿದರೆ ಪರದೆ ಖಾಲಿ.

"ಕರೆಂಟು ಹೋಗಿ ಬಂತು, ನಿಮ್ಮದು ಅಳಿಸಿಹೋಯ್ತು" ಎಂದಳು ಹುಡುಗಿ, ನನ್ನ ಮುಖ ನೋಡದೆ. ತಲೆಯ ಮೇಲೆ ಫ್ಯಾನು ಗಿರಗಿರನೆ ತಿರುಗುತ್ತಿತ್ತು. "ಅವರು ಸುಧಾರಿಸ್ಕೊಳ್ಲಿ. ಆಮೇಲೆ ಇಬ್ರೂ ಹೊಸ ಅರ್ಜಿ ಬರೀರಿ. ಅವರವರ ಕಾಗದ ಅವರವರು ಕೊಡಿ. ನನಗೂ ಮನೆಯಿದೆ, ತಾಯಿಯಿದ್ದಾರೆ."

ಆಸ್ಪತ್ರೆಯವರು ಬಂದು ಸೂಜಿ ಚುಚ್ಚಿ ಹೋದರು. ಮಧ್ಯಾಹ್ನ ಇಬ್ಬರೂ ಬೆರಳು ಕೊಟ್ಟೆವು, ಅವಳ ಹೆಸರಿಗೆ ಅವಳು, ನನ್ನ ಹೆಸರಿಗೆ ನಾನು. ಬರುವಾಗ ದಾರಿಯುದ್ದಕ್ಕೂ ಅಕ್ಕ ಬೈದಳು. "ಕೈಗೆ ಬಂದದ್ದನ್ನ ಬೀದಿಗೆ ಚೆಲ್ಲಿದೆಯಲ್ಲೇ! ಉಪ್ಪು ಖಾರಕ್ಕೆ ಏನು ಮಾಡ್ತೀಯ? ನಿನ್ನ ಹೆಸರು ಇಟ್ಕೊಂಡು ನೆಕ್ತೀಯ?" ಮನೆ ಬಾಗಿಲಲ್ಲಿ ನಿಂತು ಉಸಿರು ಹಿಡಿದು, "ನಾನು ಸತ್ತೆ ಅಂದ್ಕೊಂಡ್ಯಾ?" ಎಂದಳು.

"ಹೂಂ."

ಅವಳು ಆಮೇಲೆ ಬೈಯಲಿಲ್ಲ.

ಒಂದನೇ ತಾರೀಖು ಗೇಟಿಗೆ ಹೋದೆ. ಹೋಗದೆ ಮಾಡುವುದೇನು? ಕಬ್ಬಿಣದ ಕಂಬಕ್ಕೆ ಅಂಗೈಯಷ್ಟು ಯಂತ್ರ ಕೂರಿಸಿದ್ದರು. ದೊಡ್ಡ ಕಚೇರಿಯಿಂದ ಬಂದ ಒಬ್ಬಾತ ಪಟ್ಟಿ ಹಿಡಿದು ನಿಂತಿದ್ದ, ಪಕ್ಕದಲ್ಲಿ ಸೀಟಿ ಮೇಸ್ತ್ರಿ. ನನ್ನ ರಸೀದಿಯಲ್ಲಿದ್ದ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

"ಯಾರು ಇದು?" ಎಂದ ಆತ.

ಮೇಸ್ತ್ರಿ ನನ್ನನ್ನು ನೋಡಿದರು. ಇವರ ಬಾಯಿಂದ ಒಂದು ಮಾತು ಬಂದರೆ ಸಾಕು. ಹದಿನೇಳು ವರ್ಷದ ಸುಳ್ಳು ನನ್ನೊಂದಿಗೆ ಅವರನ್ನೂ ಎಳೆದುಕೊಂಡು ಹೋಗುತ್ತಿತ್ತು.

"ಹೊಸಬಳು ಸರ್. ಜೋಡಿ ಮೇಜಿನ ಒಬ್ಬಾಕೆ ಕಾಯಿಲೆ ಅಂತ ಬಿಟ್ಟಳು. ಆ ಜಾಗಕ್ಕೆ ನಾನೇ ಬರಹೇಳಿದ್ದೆ."

"ಅನುಭವ ಇದೆಯಾ?"

"ಇಲ್ಲ ಸರ್" ಎಂದೆ.

"ಒಂದು ದಿನ ನೋಡ್ತೀನಿ. ಕಲಿತರೆ ಸರಿ."

ನನಗೆ ಕಲಿಸಲು ಹಚ್ಚಿದ್ದು ನಮ್ಮ ಮೇಜಿನ ಕನ್ನಡಕದವಳನ್ನು. ಹದಿನೇಳು ವರ್ಷ ಭುಜಕ್ಕೆ ಭುಜ ತಾಗಿಸಿ ಕೂತವಳು. "ನೋಡು ತಾಯಿ, ಇದು ಬೆರಳಿನ ಕಡೆ, ಇದು ಹಿಮ್ಮಡಿ. ಉಲ್ಟಾ ತೊಡಿಸೀಯ ಮತ್ತೆ!" ಎಂದು ಜೋರಾಗಿ ಹೇಳಿ, ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಳು. ನನಗೆ ನಗು ಬರಲಿಲ್ಲ. ಆತ ಹಿಂದೆಯೇ ನಿಂತಿದ್ದ.

ಮೊದಲ ಜೋಡಿ ನಿಧಾನ ಕಟ್ಟಿದೆ. ಎರಡನೆಯದೂ ನಿಧಾನ. ಐದನೆಯದಕ್ಕೆ ಕೈ ತಾನಾಗಿ ಓಡತೊಡಗಿತು. ತೊಡಿಸಿ, ತಿರುಗಿಸಿ, ಕಳಚಿ, ಕಟ್ಟಿ, ಕಣ್ಣು ಹಾಯಿಸುವ ಮೊದಲೇ ಮುಗಿಯುತ್ತಿತ್ತು. ಆತನ ಬೂಟು ಒಂದು ಹೆಜ್ಜೆ ಹತ್ತಿರ ಬಂದದ್ದು ಕೇಳಿಸಿತು. ಕೈಯ ಓಟ ತಡೆದೆ. ಮುಂದಿನ ಜೋಡಿಗೆ ಬೇಕೆಂದೇ ಉದ್ದದ ಜೊತೆ ಗಿಡ್ಡ ಕಟ್ಟಿಟ್ಟೆ.

ಆತ ಅದನ್ನು ಎತ್ತಿಕೊಂಡ. "ಇದು ಜೋಡಿಯಾ? ಕಣ್ಣು ಕಾಣಲ್ವಾ?"

"ತಪ್ಪಾಯ್ತು ಸರ್."

"ಕಲೀತಾಳೆ ಸರ್" ಎಂದರು ಮೇಸ್ತ್ರಿ ದೂರದಿಂದ.

ಆತ ಪುಸ್ತಕ ತೆರೆದ. "ಹೆಸರೇನು?"

ಹೇಳಿದೆ ಎಂದುಕೊಂಡೆ, ದನಿ ಬಂದಿರಲಿಲ್ಲ. ಆತ ತಲೆಯೆತ್ತಿದ. "ಹೆಸರು ಕೇಳಿದೆ."

ಎರಡನೆಯ ಸಲ ಜೋರಾಗಿಯೇ ಹೇಳಿದೆ. ಮೇಜಿನ ಸುತ್ತ ಎಲ್ಲರ ಕೈಯೂ ಒಮ್ಮೆಗೇ ನಿಂತಿತು. ಹದಿನೇಳು ವರ್ಷದಲ್ಲಿ ಆ ಹೆಸರು ಆ ಕೋಣೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

"ಏನು ನೋಡ್ತೀರಿ ಎಲ್ಲ? ಹೊಸಬರನ್ನ ಕಂಡಿಲ್ವಾ? ಕೆಲಸ ನೋಡಿ" ಎಂದು ಆತ ಗದರಿದ. ಮೇಜಿನ ತಲೆಗಳೆಲ್ಲ ತಗ್ಗಿದವು. ನನ್ನದೂ ತಗ್ಗಿತು. ಆತ ಹೆಸರು ಬರೆದುಕೊಳ್ಳುವವರೆಗೂ ಮರದ ಪಾದಕ್ಕೆ ಮುಂದಿನ ಚೀಲವನ್ನು ಎಷ್ಟು ನಿಧಾನವಾಗಿ ತೊಡಿಸಬಹುದೋ ಅಷ್ಟು ನಿಧಾನವಾಗಿ ತೊಡಿಸಿದೆ.