ಜಾಲಿಮರದ ಮೇಲಿನ ಪಾಠ

ಹೋದ ಮಳೆಗಾಲದಲ್ಲಿ ಭೀಮಾ ನದಿ ಹೊಲಗಳಿಗೆ ನುಗ್ಗಿದಾಗ, ಕುರಿ ಬಿಡಿಸಲು ಹೋದ ಬೀರಲಿಂಗಪ್ಪ ಜಾಲಿಮರ ಹತ್ತಿ ಮುಂಜಾನೆಯಿಂದ ಹೊತ್ತು ಮುಳುಗುವವರೆಗೆ ಕೂಗಿದ. ಟ್ರ್ಯಾಕ್ಟರಿನ ಟ್ಯೂಬು ಹೊತ್ತು ನೀರಿಗಿಳಿಯಲು ಬಂದ ಅವನ ತಮ್ಮ ಮಾಳಿಂಗನನ್ನು ಪೊಲೀಸರು ದಂಡೆಯಲ್ಲೇ ತಡೆದರು. ಕತ್ತಲಾಗುವ ಮುಂಚೆ ಕೂಗು ನಿಂತಿತು. ಠಾಣೆಯ ಗುರುಶಾಂತ ಸಾಹೇಬರ ಲಾಠಿಗೆ ಕೈ ಹಾಕಿದನೆಂದು ಮಾಳಿಂಗನ ಮೇಲೆ ಕೇಸಾಯಿತು.

ಈಗ ಅದೇ ಜಾಲಿಮರದ ಮೇಲೆ ಮಾಳಿಂಗ ಕುಳಿತಿದ್ದ.

“ಇನ್ನೊಂದ್ ಟೊಂಗಿ ಮ್ಯಾಲ ಹತ್ತಲೇ ಭಾಡ್ಯಾ. ಮಂಗ್ಯಾ ಕುಂತಂಗ ಕುಂತೀದಿ. ಸಾಯೋ ಮನಷ್ಯಾ ಹಂಗ ಕುಂದರ್ತಾನೇನು?” ದಂಡೆಯಿಂದ ಗುರುಶಾಂತ ಸಾಹೇಬರು ಕೂಗಿದರು.

ಮಾಳಿಂಗ ಹತ್ತಿದ. ಮುಳ್ಳು ಅಂಗೈಗೆ ನಟ್ಟಿತು. ಸಾಯುವ ಮನುಷ್ಯ ಹೇಗೆ ಕೂರುತ್ತಾನೆಂದು ಅವನು ದಿನವಿಡೀ ನೋಡಿದ್ದ. ಸಾಹೇಬರು ನೋಡಿರಲಿಲ್ಲ, ಅವತ್ತು ಅವರು ಬಹುಪಾಲು ಜೀಪಿನೊಳಗಿದ್ದರು, ಹೊರಗೆ ಮಳೆ ಇತ್ತು. ನಡುವೆ ಒಮ್ಮೆ ಮಾತ್ರ ಇಳಿದು ಬಂದು ಮಾಳಿಂಗನ ಎದೆಗೆ ಲಾಠಿ ಅಡ್ಡ ಹಿಡಿದು ಹೇಳಿದ್ದರು: “ಬೋಟ್ ಬರಾಕತ್ತದ. ಮ್ಯಾಲಿಂದ ಆರ್ಡರ್ ಬರೂತನಾ ಯಾರೂ ಇಳಿಯಂಗಿಲ್ಲ.”

ಬೋಟು ಬಂತು. ಮರುದಿನ.

ಈಚೆಗೆ ಸಾಹೇಬರಿಗೆ ಬಡ್ತಿಯಾಗಿತ್ತು. ಹೊಸದಾಗಿ ಸೇರುವ ಕಾನ್ಸ್‌ಟೇಬಲ್‌ಗಳ ತರಬೇತಿಯಲ್ಲಿ ‘ವೃತ್ತಿ ನನಗೆ ಕಲಿಸಿದ ನಾಯಕತ್ವ’ ಎಂದು ಮಾತಾಡಲು ಕರೆ ಬಂದಿತ್ತು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಬೇಕಂತೆ. ಸಸಿ ನೆಟ್ಟದ್ದಕ್ಕೆ ಚಿತ್ರವಿತ್ತು, ಶಾಂತಿಸಭೆಯಲ್ಲಿ ಚಹಾ ಕುಡಿದದ್ದಕ್ಕೂ ಇತ್ತು. ಪ್ರವಾಹದಲ್ಲಿ ಜೀವ ಉಳಿಸಿದ ಚಿತ್ರ ಮಾತ್ರ ಇರಲಿಲ್ಲ. ಈ ವರ್ಷ ಬ್ಯಾರೇಜಿನ ಹಿನ್ನೀರು ಮರದ ಬುಡಕ್ಕೆ ಬಂದು ನಿಂತಾಗ ಸಾಹೇಬರಿಗೆ ಉಪಾಯ ಹೊಳೆದಿತ್ತು.

ನಿನ್ನೆ ಠಾಣೆಗೆ ಕರೆಸಿ ಕೂರಿಸಿಕೊಂಡೇ ಮಾತಾಡಿದ್ದರು. ಮಾಳಿಂಗನಿಗೆ ಠಾಣೆಯಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

“ನೀನೂ ಕಾನ್ಸ್‌ಟೇಬಲ್ ಪಾಸಾಗಿದಿ. ಓಟದಾಗ ಎಲ್ಲಾರಕಿಂತ ಮುಂದಂತ. ಖರೇ ಅಂದ್ರ ಕೇಸ್ ಇರೂತನಾ ನೌಕರಿ ಆರ್ಡರ್ ಬರಂಗಿಲ್ಲ, ಗೊತ್ತದಲ್ಲ? ವಿಡಿಯೋ ಒಂದ್ ಆಗ್ಲಿ. ಮರುದಿನ ಕೇಸ್ ಸುಳ್ಳಂತ ಬರದು ಮುಗಿಸ್ತೇನಿ. ನೀನೂ ಟ್ರೇನಿಂಗ್‌ನಾಗ ಮುಂದಿನ ಸಾಲಿನಾಗ ಕುಂತು ನನ್ನ ಭಾಷಣಾ ಕೇಳ್ತಿ.”

ಮನೆಗೆ ಬಂದು ಹೇಳಿದಾಗ ಅತ್ತಿಗೆ ಸಕ್ಕುಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತವೆಯ ಮೇಲಿನದನ್ನು ತಿರುವಿ ಹಾಕುತ್ತ, “ಹತ್ತು. ಸತ್ತಾವ ಬರಂಗಿಲ್ಲ, ನೌಕರಿ ಬರ್ತದ. ಎರಡು ಕೂಸಿನ ಹೊಟ್ಟಿ ನೋಡು,” ಎಂದಿದ್ದಳು.

ಇವತ್ತು ಅವಳನ್ನೂ ದಂಡೆಗೆ ಕರೆಸಿದ್ದರು. ಅಳುವುದಕ್ಕೆ. ಮದುವೆ ವಿಡಿಯೋ ತೆಗೆಯುವ ಸಂಜುಕುಮಾರ ಕ್ಯಾಮೆರಾ ತಂದಿದ್ದ.

“ಅಕ್ಕೋರ, ಎದಿ ಬಡ್ಕೊಂಡು ಅಳ್ರಿ ಒಂದೀಟು.”

“ತಿರುವಿದ ಕೂಡ್ಲೆ ಬರಾಕ ಇದೇನ್ ನಳಾ ಅದೇನೋ ತಮ್ಮಾ? ಅಳೋದೆಲ್ಲ ಹೋದ ವರ್ಷ ಅತ್ತೇನಿ. ಆಗ ನೀ ಎಲ್ಲಿದ್ದಿ?”

“ಮದಿವಿ ಆರ್ಡರ್ ಇತ್ರೀ,” ಎಂದ ಸಂಜುಕುಮಾರ ತಲೆ ತಗ್ಗಿಸಿ.

ಸಾಹೇಬರ ಕಣ್ಣು ಅವಳ ಕಂಕುಳಲ್ಲಿದ್ದ ಕರಿ ಕಂಬಳಿಯ ಮೇಲೆ ಬಿತ್ತು. “ಅದು ಅವಂದೇ ಏನು? ಮರದ ಮ್ಯಾಲ ಸಿಕ್ಕಿತ್ತಲ್ಲ, ಅದೇ? ಕೊಡು ಇಲ್ಲಿ. ಒರಿಜಿನಲ್ ಕಾಣ್ತದ.”

ಸಕ್ಕುಬಾಯಿ ಕೊಡಲಿಲ್ಲ. ಹಿರಿಯ ಪೇದೆ ಚಾಂದಪಾಶಾ ಸಣ್ಣಗೆ, “ಕೊಡವಾ, ಜಲ್ದಿ ಮುಗೀತದ,” ಎಂದು ಅವಳ ಕಂಕುಳಿನಿಂದ ಬಿಡಿಸಿಕೊಂಡ. ನೀರಿನಲ್ಲಿ ನಡೆದುಕೊಂಡೇ ಹೋಗಿ ಮಾಳಿಂಗನಿಗೆ ಹೊದೆಯಲು ಎತ್ತಿ ಕೊಟ್ಟು ಬಂದ. ಚಾಂದಪಾಶಾನ ತೊಡೆಯವರೆಗೂ ನೀರಿರಲಿಲ್ಲ.

ಕಂಬಳಿಯಲ್ಲಿ ಕುರಿಯ ವಾಸನೆ ಇನ್ನೂ ಇತ್ತು. ಅಣ್ಣ ಬೀಡಿ ಸೇದುವಾಗ ಸುಟ್ಟುಕೊಂಡ ತೂತು ಮಾಳಿಂಗನ ಮೊಣಕಾಲ ಮೇಲೆ ಬಂದಿತ್ತು. ಅವನು ಆ ತೂತಿನೊಳಗೆ ಬೆರಳಿಟ್ಟುಕೊಂಡು ಕುಳಿತ.

ಸಾಹೇಬರು ನೀರಿಗಿಳಿದರು. ಬಿದ್ದುಗಿದ್ದಾರೆಂದು ಸೊಂಟಕ್ಕೆ ಹಗ್ಗ ಕಟ್ಟಿ ಇಬ್ಬರು ಪೇದೆಗಳು ಚಿತ್ರದಲ್ಲಿ ಕಾಣದಂತೆ ಹಿಂದೆ ಹಿಡಿದಿದ್ದರು. ನೀರು ಆಳ ಕಾಣಲೆಂದು ಸಾಹೇಬರು ಮಂಡಿಯೂರಿ ನಡೆದರು. ಸಂಜುಕುಮಾರ ಕೆಸರಿನಲ್ಲಿ ಬೋರಲು ಮಲಗಿದ.

“ಸಾಹೇಬ್ರ, ನಗಬ್ಯಾಡ್ರಿ. ಮದಿಮಗನಂಗ ಕಾಣಾಕತ್ತೀರಿ.”

ಸಾಹೇಬರು ನಗು ನುಂಗಿ, ಮುಖ ಬಿಗಿದು, ಕ್ಯಾಮೆರಾದ ಕಡೆ ತಿರುಗಿದರು. ಬರೆದುಕೊಂಡು ಬಾಯಿಪಾಠ ಮಾಡಿದ ಮಾತು ಶುದ್ಧವಾಗಿ ಹೊರಬಂತು:

“ಜೀವ ಹೋಗುತ್ತಿರುವಾಗ ನಾಯಕನಾದವನು ಆದೇಶಕ್ಕೆ ಕಾಯುವುದಿಲ್ಲ.”

ಮರದ ಮೇಲೆ ಮಾಳಿಂಗನ ಬೆರಳು ಕಂಬಳಿಯ ತೂತಿನಲ್ಲಿ ನಿಂತುಬಿಟ್ಟಿತು. ಅವನು ದಂಡೆಯ ಕಡೆ ನೋಡಿದ. ಹೋದ ವರ್ಷ ಲಾಠಿ ಅಡ್ಡ ಹಿಡಿದ ಜಾಗ ಇಲ್ಲಿಂದ ಎಷ್ಟು ಹತ್ತಿರ ಕಾಣುತ್ತಿತ್ತು. ಅಲ್ಲಿ ನಿಂತವರ ಮೀಸೆ ಕಾಣುವಷ್ಟು. ಅಣ್ಣ ಇದನ್ನೇ ನೋಡುತ್ತ ಕೂಗಿದ್ದ.

ಸಾಹೇಬರು ಮರದ ಬುಡಕ್ಕೆ ಬಂದು ಕೈ ಚಾಚಿದರು. “ಹೆದರಬೇಡ, ನಾನಿದ್ದೇನೆ. ಕೈ ಕೊಡು.”

ಮಾಳಿಂಗ ಎರಡೂ ತೋಳಿನಿಂದ ಟೊಂಗೆಯನ್ನು ಅಪ್ಪಿಕೊಂಡ.

“ಕೈ ಕೊಡಲೇ,” ಎಂದರು ಸಾಹೇಬರು ತುಟಿ ಅಲುಗಿಸದೆ. “ವಿಡಿಯೋ ಓಡಾಕತ್ತದ.”

“ಆರ್ಡರ್ ಇನ್ನಾ ಬಂದಿಲ್ರಿ, ಸಾಹೇಬ್ರ.”

“ಏನಂದಿ?”

“ಮ್ಯಾಲಿಂದ. ಬರ್ಲಿ, ತಡೀರಿ.”

“ಸೂಳೆಮಗನ, ನೌಕರಿ ಹೋಗ್ತದ ನಿಂದು. ಜಲ್ಮಪೂರ್ತಿ ಕೋರ್ಟ್ ಕಟ್ಟಿ ಸವಸ್ತೀದಿ ನೋಡು.” ಮಂಡಿಯೂರಿದ ಸಾಹೇಬರ ಅಂಗಿಯೊಳಗೆ ನೀರು ಇಳಿಯುತ್ತಿತ್ತು. ಅವರು ದಂಡೆಗೆ ತಿರುಗಿ ಕೂಗಿದರು, “ಏ ಸಕ್ಕುಬಾಯಿ, ಹೇಳಬೇ ನಿನ್ನ ಮೈದುನಗ. ಕೂಸುಗೋಳು ಉಪವಾಸ ಬೀಳ್ತಾವ ಅಂತ ಹೇಳು.”

ಸಕ್ಕುಬಾಯಿ ಮರದ ಕಡೆ ನೋಡಿದಳು. ಕರಿ ಕಂಬಳಿ ಹೊದ್ದು, ಟೊಂಗೆ ಅಪ್ಪಿ ಕುಳಿತವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು ದಂಡೆಯ ಕಲ್ಲಿನ ಮೇಲೆ ಕೂತಳು.

“ನೀರಾಗ ಇದ್ದಾವ್ರು ನೀವ್ರಿ, ಸಾಹೇಬ್ರ,” ಎಂದಳು. “ಎದ್ದು ಬರ್ರಿ. ಥಂಡಿ ಆದೀತು.”

ಹಗ್ಗ ಹಿಡಿದ ಪೇದೆಗಳು ಎಳೆಯಬೇಕೋ ಬಿಡಬೇಕೋ ತಿಳಿಯದೆ ಚಾಂದಪಾಶಾನ ಮುಖ ನೋಡಿದರು. ಚಾಂದಪಾಶಾ ಆಕಾಶ ನೋಡಿದ.

“ನಿಲ್ಲಸ್ಲೇನ್ರಿ?” ಸಂಜುಕುಮಾರ ಕೆಸರಿನಿಂದಲೇ ಕೇಳಿದ. ಕ್ಯಾಮೆರಾ ಓಡುತ್ತಲೇ ಇತ್ತು.

ಸಾಹೇಬರ ಕೈ ಇನ್ನೂ ಚಾಚಿಯೇ ಇತ್ತು. ಮಾಳಿಂಗ ಕೈ ಕೊಡಲಿಲ್ಲ.